ಸೋರದ ಜಾಡಿ

2003ರ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಹಳೇಬೀಡಿನ ನಮ್ಮ ಮನೆಯ ಮುಂಗೋಣೆಯಲ್ಲಿದ್ದ ಕಂಪ್ಯೂಟರ್ ಹದಿನೇಳು ನಿಮಿಷ ನಡೆದು, ಮೂರು ಸಲ ಕೂಗಿ, ತಾನಾಗಿ ಆರಿಹೋಯಿತು. ಅದನ್ನು ತಂಪಾಗಿಡುವ ನೀರು ಜಾಡಿಯಲ್ಲಿ ಮೂರು ಬೆರಳಿನಷ್ಟು ಇಳಿದಿತ್ತು. ಒಂದು ತಿಂಗಳಲ್ಲಿ ಹೀಗಾದದ್ದು ಅದು ಮೂರನೆಯ ಸಲ.

ಕಂಪ್ಯೂಟರನ್ನು ಜೋಡಿಸಿದವನು ನನ್ನ ತಮ್ಮ. ಇಪ್ಪತ್ತಾರು ವರ್ಷ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಎರಡು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಅಮ್ಮನದೂ ನನ್ನದೂ ಅವನಿಗೆ ಹೊಂದಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಅಮ್ಮನ ಜೊತೆ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಉಳಿದ ದಿನ ಮನೆಯಲ್ಲೇ ಕೂತು ಲಗ್ನಪತ್ರಿಕೆ, ಕರಪತ್ರ ಡಿಟಿಪಿ ಮಾಡುತ್ತಿದ್ದ. ನಾನು ಅರಸೀಕೆರೆಯಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಭಾನುವಾರ ಮೊದಲ ಬಸ್ಸಿಗೆ ಮನೆಗೆ ಬರುತ್ತಿದ್ದೆ.

ಮುಂಗೋಣೆಗೆ ತಗಡಿನ ಸೂರು. ಬೇಸಿಗೆಯಲ್ಲಿ ಬರೀ ಫ್ಯಾನಿಗೆ ಪ್ರೊಸೆಸರ್ ತಣಿಯುತ್ತಿರಲಿಲ್ಲ. ನೀರಿನಿಂದ ತಣಿಸಬಹುದೆಂದು ತಮ್ಮ ಎಲ್ಲೋ ಓದಿದ. ಸಾಮಾನು ಒದಗಿಸಿದವನು ನಾನು: ಗುಜರಿಯಿಂದ ಹಳೆಯ ಕಾರಿನ ಹೀಟರಿನ ಪುಟ್ಟ ರೇಡಿಯೇಟರ್, ಮೀನಿನ ತೊಟ್ಟಿಯ ಪಂಪು, ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು, ಲೇತ್ ಅಂಗಡಿಯಲ್ಲಿ ಕೊರೆಸಿದ ತಾಮ್ರದ ತುಂಡು. ನೀರಿಗೆ, ದಿನಸಿ ಅಂಗಡಿಯವರು ಬಿಸ್ಕತ್ ಇಡುವಂಥ ಗಾಜಿನ ಜಾಡಿ. ಪಂಪು ಜಾಡಿಯೊಳಗಿನಿಂದ ನೀರು ತಳ್ಳುತ್ತದೆ. ಅದು ಪ್ರೊಸೆಸರ್ ಮೇಲಿನ ತಾಮ್ರವನ್ನು ಹಾದು, ರೇಡಿಯೇಟರಿನಲ್ಲಿ ತಣಿದು, ಜಾಡಿಗೇ ಮರಳುತ್ತದೆ. ನೀರು ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಬಿಸಿ ಏರುತ್ತದೆ, ಯಂತ್ರ ನಿಲ್ಲುತ್ತದೆ.

ಲಗ್ನಪತ್ರಿಕೆ ಮಾಡಿಸಲು ಬಂದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಅದನ್ನು ಬಗ್ಗಿ ನೋಡಿ, "ಇದೇನ್ಲಾ, ಕಂಪ್ಯೂಟರ್ರೋ ಮೀನಿನ ತೊಟ್ಟಿನೋ?" ಎಂದಿದ್ದರು.

"ಮೀನು ಸೋಮವಾರ ಬತ್ತವೆ ಕಣಣ್ಣ," ಎಂದಿದ್ದ ತಮ್ಮ.

ಆ ಭಾನುವಾರ ನಾವಿಬ್ಬರೂ ಸೋರಿಕೆ ಹುಡುಕಲು ಕೂತೆವು. ಪ್ರತಿ ಜೋಡಣೆಯ ಕೆಳಗೆ ಕಾಗದ ಹಾಸಿ, ಮೇಲೆ ರಂಗೋಲಿ ಪುಡಿ ಉದುರಿಸಿದೆವು. ಒಂದು ಹನಿ ಬಿದ್ದರೂ ಪುಡಿಯಲ್ಲಿ ಗುಳಿ ಬೀಳಬೇಕು. ಈ ಉಪಾಯ ತಮ್ಮನದೇ.

"ಇರೋ ಪುಡಿ ಎಲ್ಲಾ ಅದರ ಬುಡಕ್ಕೇ ಸುರೀರಿ, ನಾಳೆ ಬಾಗಿಲಿಗೆ ರಾಗಿ ಹಿಟ್ಟು ಬಿಡ್ತೀನಿ," ಎಂದಳು ಅಮ್ಮ.

ಎರಡು ಗಂಟೆ ಕಾದೆವು. ಪುಡಿ ಹಾಗೇ ಇತ್ತು.

"ಆವಿ ಆಯ್ತಾ ಐತೆ ಅಣ್ಣ. ಬಿಸಿಲು ನೋಡು," ಎಂದ.

ನಾನು ಜಾಡಿಗೆ ಬಿಳಿ ಟೇಪು ಅಂಟಿಸಿ, ತುಂಬಿದ ಮಟ್ಟಕ್ಕೆ ಗೆರೆ ಎಳೆದೆ. ಬೆಳಿಗ್ಗೆ ಕಸ ಗುಡಿಸುವಾಗ ನೀರು ಗೆರೆಯಿಂದ ಎಷ್ಟು ಕೆಳಗಿದೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯಲು ಅಮ್ಮನಿಗೆ ಹೇಳಿದೆ. ಅಳತೆ ಅವಳಿಗೆ ಹೊಸದಲ್ಲ. ಕುಡಿದ ನೀರು ಮೈಯಿಂದ ಹೊರಹೋಗದ ಕಾರಣ ಡಾಕ್ಟರು ತಮ್ಮನಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು ಎಂದು ಕಟ್ಟು ಹಾಕಿದ್ದರು. ಅಮ್ಮ ಬೆಳಿಗ್ಗೆ ಅಷ್ಟನ್ನು ಬಾಟಲಿಗೆ ತುಂಬುತ್ತಿದ್ದಳು. ಅವನಿಗೆ ಅರ್ಧ ಲೋಟ ಕಾಫಿ ಕೊಟ್ಟರೆ ಬಾಟಲಿಯಿಂದ ಅರ್ಧ ಲೋಟ ತೆಗೆದು ತುಳಸಿಗೆ ಹಾಕುವಳು. ಸಾರಿಗೂ ಹಾಗೇ. ಬಾಟಲಿ ಖಾಲಿಯಾದರೆ ಆ ದಿನ ಮುಗಿಯಿತು. ಹಂಡೆ, ಕೊಡಗಳೆಲ್ಲ ಒಳಗೆ ಅವಳ ಕಣ್ಣೆದುರಿಗಿದ್ದವು.

ಆದರೂ ಹಾಸನದಲ್ಲಿ ತೂಕ ನೋಡಿದಾಗಲೆಲ್ಲ ಮೂರು, ಮೂರೂವರೆ ಕಿಲೋ ಏರಿರುತ್ತಿತ್ತು. ಎರಡು ಡಯಾಲಿಸಿಸ್ ನಡುವೆ ಒಂದೂಮುಕ್ಕಾಲು ದಾಟಬಾರದು. ಕಾಲು ಊದಿತ್ತು. ಹೀಗೇ ಆದರೆ ಹೃದಯ ತಡೆಯುವುದಿಲ್ಲ ಎಂದಿದ್ದರು ಡಾಕ್ಟರು.

"ಏನಪ್ಪಾ, ಹಳೇಬೀಡಿನ ಕೆರೆ ಕುಡ್ಕೊಂಡ್ ಬಂದ್ಯಾ?" ಎಂದು ನರ್ಸ್ ಬೈದರಂತೆ.

ನಾನು ಅಮ್ಮನನ್ನು ಕೇಳಿದೆ. "ಕರುಳು ಕೇಳದೆ ನೀನೇ ಕೊಡ್ತಿದೀಯಾ ಅಲ್ವಾ?"

"ಮಗ ಬೇಡ್ತಾನೆ ಕಣಪ್ಪ, ನಾನು ಕೊಡಲ್ಲ. ಬೇಕಾದ್ರೆ ದೀಪ ಮುಟ್ಟಿ ಹೇಳ್ತೀನಿ," ಎಂದಳು. ನಾನು ನಂಬಲಿಲ್ಲ. ಮುಂದಿನ ಭಾನುವಾರ ಮತ್ತೆ ಕೇಳಿದೆ. ಆಗ ಅವಳು ಬಾಟಲಿಯನ್ನು ನನ್ನ ಮುಂದಿಟ್ಟು ಹಿತ್ತಲಿಗೆ ಹೋದಳು.

ಅರಸೀಕೆರೆಯ ಮೆಕ್ಯಾನಿಕ್ ಒಬ್ಬರು, ಬರೀ ನೀರು ಹಾಕಿದರೆ ಆವಿಯಾಗದೆ ಇನ್ನೇನು, ಲಾರಿಗೆ ಹಾಕುವ ಹಸಿರು ಕೂಲೆಂಟ್ ಬೆರೆಸಿ ಎಂದರು. ಒಂದು ಡಬ್ಬಿ ತಂದೆ. ತಮ್ಮ ಅದನ್ನು ಕೈಯಿಂದ ಕಿತ್ತುಕೊಂಡು ಮಂಚದ ಕೆಳಗೆ ತಳ್ಳಿದ.

"ಬ್ಯಾಡ ಅಣ್ಣ, ಪೈಪು ತಿಂದಾಕ್ತದೆ. ನಿನಗೇನ್ ಗೊತ್ತು, ಪೇಪರ್ನೋನು."

ಅವನ ಮಾತಿಗೆ ಒಪ್ಪಿ, ಎಂದಿನಂತೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತುಂಬಿಸಿದೆ. ಪ್ರತಿ ಭಾನುವಾರ ಎರಡು ಬಾಟಲಿ ನೀರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ. ಜೊತೆಗೆ, ಸೋರುವ ತುಂಡನ್ನು ಬದಲಿಸಲು ಒಂದು ಮೊಳ ಪೈಪು.

ಮಾರ್ಚ್ ಕೊನೆಯ ವಾರ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಬುಧವಾರ, ಗುರುವಾರ ಎರಡು ದಿನ ಕರೆಂಟ್ ಇರಲಿಲ್ಲ. ಭಾನುವಾರ ನಾನು ಕ್ಯಾಲೆಂಡರ್ ನೋಡಿದೆ. ಗುರುವಾರದ ಮನೆಯಲ್ಲಿ ಅಮ್ಮ "1 ಬೆರಳು" ಎಂದು ಬರೆದಿದ್ದಳು. ಶುಕ್ರವಾರದ ಮನೆಯಲ್ಲಿ "2". ಯಂತ್ರ ಕರೆಂಟಿಲ್ಲದ ಆ ಎರಡು ದಿನ ಒಂದು ನಿಮಿಷವೂ ನಡೆದಿರಲಿಲ್ಲ. ಶನಿವಾರದ ಮನೆಯಲ್ಲೂ "2" ಎಂದೇ ಇತ್ತು. ಶುಕ್ರವಾರ ತಮ್ಮ ಇಡೀ ದಿನ ಹಾಸನದಲ್ಲಿದ್ದ.

ಮೇಜಿನ ಹಿಂದೆ ನಾನು ತಂದ ಪೈಪಿನ ತುಂಡು ಸಿಕ್ಕಿತು. ಒಂದು ತುದಿಯಲ್ಲಿ ಹಲ್ಲಿನ ಗುರುತಿತ್ತು.

ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಪೈಪನ್ನು ಕೀಬೋರ್ಡಿನ ಮೇಲಿಟ್ಟೆ. ತಮ್ಮ ಅದನ್ನು ನೋಡಿದ, ನನ್ನನ್ನು ನೋಡಲಿಲ್ಲ.

"ಯಾವಾಗಿನಿಂದ?"

"ಶಿವರಾತ್ರಿಗೂ ಮುಂಚಿಂದ."

"ಜೊತೇಲಿ ಕೂತು ರಂಗೋಲಿ ಪುಡಿ ಉದುರಿಸಿದೆಯಲ್ಲೋ."

"ಇನ್ನೇನ್ ಮಾಡ್ಲಿ ಅಣ್ಣ? ಸೋರ್ತಾ ಇಲ್ಲ ಅಂತ ನಾನೇ ಹೇಳ್ಲಾ?" ಜಾಡಿಯ ಕಡೆ ಕೈ ತೋರಿಸಿದ. "ದಿನಾ ಕೂತಿರ್ತೀನಿ ಇಲ್ಲಿ. ಕಣ್ಣ ಮುಂದೇನೇ ತಿರುಗ್ತಾ ಇರ್ತೈತೆ. ಬುಳುಬುಳು ಅಂತ ಸದ್ದು ಬೇರೆ."

"ಬ್ಯಾಟರಿ ನೀರು ಕಣೋ ಅದು."

"ಏನೂ ರುಚಿ ಇಲ್ಲ. ಬೆಚ್ಚಗಿರ್ತದೆ," ಎಂದ. ಆಮೇಲೆ, "ಅಮ್ಮಂಗೆ ಹೇಳ್ಬ್ಯಾಡ."

ನಾನು ಮಂಚದ ಕೆಳಗಿನಿಂದ ಕೂಲೆಂಟ್ ಡಬ್ಬಿ ಎಳೆದೆ. ಮುಚ್ಚಳ ತೆಗೆಯುವಾಗ ಅವನು ಕೈ ಹಿಡಿದ.

"ಒಂದ್ ಲೋಟ ತೆಕ್ಕೊಂಡು ಆಮೇಲೆ ಹಾಕು. ಇದೊಂದೇ ಸಲ ಅಣ್ಣ. ನೀನೇ ಅಳೆದು ಕೊಡು."

"ಬೇಡ," ಎಂದೆ.

"ಅರ್ಧ."

"ಬೇಡ ಕಣೋ. ಮಂಗಳವಾರ ತೂಕ ನೋಡ್ತಾರೆ."

ಕೈ ಬಿಟ್ಟ. ನಾನು ಹಸಿರು ದ್ರವವನ್ನು ಗೆರೆಯವರೆಗೆ ಸುರಿದೆ. ಮುಚ್ಚಳ ಹಾಕಿ, ಪೈಪು ಹೋಗುವ ತೂತುಗಳ ಸುತ್ತಲೂ ಅಂಚಿಗೂ ಅಂಟು ಮೆತ್ತಿದೆ. ಟೇಪಿನ ಮೇಲೆ "ವಿಷ" ಎಂದು ಬರೆದೆ. ಅವನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಅಂಟು ಒಣಗಿದ ಮೇಲೆ ಅವನೇ ಯಂತ್ರದ ಗುಂಡಿ ಒತ್ತಿದ. ಸಂಜೆಯವರೆಗೂ ಅದು ನಿಲ್ಲಲಿಲ್ಲ.

ಅಮ್ಮನಿಗೆ, ನಾನು ಹಾಗೆ ಕೇಳಬಾರದಿತ್ತು ಎಂದಷ್ಟೇ ಹೇಳಿದೆ. ಕಾರಣ ಹೇಳಲಿಲ್ಲ. ಅವಳು, "ಇರಲಿ ಬಿಡು, ನನ್ನ ಅಳತೇನೇ ತಪ್ಪಿತ್ತೇನೋ," ಎಂದಳು. ಮರುದಿನದಿಂದ ಬಾಟಲಿಗೆ ಒಂದು ಬೆರಳು ಕಡಿಮೆ ತುಂಬತೊಡಗಿದಳು. ಅದು ನನಗೆ ಗೊತ್ತಾದದ್ದು ತಡವಾಗಿ.

ಏಪ್ರಿಲ್ ಪೂರ್ತಿ ತೂಕ ಮಿತಿಯೊಳಗೇ ಇತ್ತು. ಕಾಲಿನ ಊತ ಇಳಿಯಿತು. ಅವನು ಹನ್ನೊಂದು ಲಗ್ನಪತ್ರಿಕೆ ಮುಗಿಸಿದ. ಯಂತ್ರ ಒಮ್ಮೆಯೂ ತಾನಾಗಿ ಆರಲಿಲ್ಲ.

ಮೇ ತಿಂಗಳ ಎರಡನೆಯ ಶುಕ್ರವಾರ ಬೆಳಿಗ್ಗೆ ಹಾಸನದಲ್ಲಿ, ಸೂಜಿ ಹಾಕುವ ಮೊದಲೇ, ತಮ್ಮ ತೀರಿಕೊಂಡ. ಹೃದಯ ನಿಂತಿತು ಎಂದು ಬರೆದುಕೊಟ್ಟರು. ಅವನ ಪುಸ್ತಕದಲ್ಲಿ ನರ್ಸ್ ಆ ದಿನದ ತೂಕವನ್ನು ಆಗಲೇ ಬರೆದಿದ್ದರು: ಏರಿದ್ದು ಒಂದೂಕಾಲು ಕಿಲೋ. ಎರಡು ವರ್ಷದಲ್ಲಿ ಅಷ್ಟು ಕಡಿಮೆ ಯಾವತ್ತೂ ಇರಲಿಲ್ಲ.

ಮಧ್ಯಾಹ್ನ ಮನೆಗೆ ತಂದೆವು. ಬಾಯಿಗೆ ನೀರು ಬಿಡಿ ಎಂದು ಹಿರಿಯರೊಬ್ಬರು ಅಮ್ಮನ ಕೈಗೆ ಚಮಚ ಕೊಟ್ಟರು. ಅವಳು ಒಳಗೆ ಹೋಗಿ ಬೆಳಿಗ್ಗೆ ತುಂಬಿಟ್ಟಿದ್ದ ಬಾಟಲಿ ತಂದಳು. ಅದರಲ್ಲಿದ್ದಷ್ಟನ್ನೂ ಚಮಚ ಚಮಚವಾಗಿ ಬಿಟ್ಟಳು. ಸಾಕಮ್ಮ ಎಂದು ಯಾರೋ ಅಂದರು. ಅವಳು ನಿಲ್ಲಿಸಲಿಲ್ಲ. ನೀರು ಕೆನ್ನೆಯ ಮೇಲಿಳಿದು ಚಾಪೆ ನೆನೆಯಿತು.

ಆ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. 2004ರ ದೀಪಾವಳಿಯ ಹಿಂದಿನ ದಿನ, ನೀರು ತುಂಬುವ ಹಬ್ಬಕ್ಕೆ, ಅಮ್ಮ ಹಂಡೆ ತಿಕ್ಕಿ ತುಂಬಿಸಿದಳು. ಮುಂಗೋಣೆಗೆ ಬಂದು ಜಾಡಿಯ ಮೇಲಿನ ಧೂಳು ಒರೆಸಿ, ಬಗ್ಗಿ ನೋಡಿ, ಹೊಸ ಕ್ಯಾಲೆಂಡರಿನಲ್ಲಿ ಬರೆದಳು: "ಗೆರೆಯಲ್ಲೇ ಇದೆ."