ಸಾಲು ಒತ್ತಿದರೆ ಅತ್ತೆಯ ಹಾಡು

ಗಂಟಲಿನ ಆಪರೇಶನ್ ಆದ ಮೇಲೆ ನಮ್ಮ ಅತ್ತೆಯವರಿಗೆ ಪಿಸುಮಾತಷ್ಟೇ ಉಳಿಯಿತು. ಅಷ್ಟಾದರೂ ಉಳಿಸಿದನಲ್ಲ ದೇವರು ಎಂದು ನಾನು ಕೈಮುಗಿದೆ. ಆದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಕುಬಸ, ಅಂದರೆ ಬಸುರಿಯ ಸೀಮಂತವಾದರೂ ಸೋಬಾನ ಎತ್ತುತ್ತಿದ್ದವರು ಅವರೇ. ನನ್ನ ಬಸುರಿ ಮಗಳ ಕುಬಸಕ್ಕೆ ದಿನ ಗೊತ್ತಾದಾಗ ಅವರು ಊಟ ಬಿಟ್ಟು ಕುಳಿತರು.

"ಮೊಮ್ಮಗಳ ಉಡಿ ತುಂಬೂ ಹೊತ್ತಿನ್ಯಾಗ ನನ್ನ ಹಾಡ ಇರಂಗಿಲ್ಲ ನೋಡ."

ಹಾಡುಗಳು ನನ್ನ ಹತ್ತಿರ ಇದ್ದವು. ನಾನು ರೊಟ್ಟಿ ಬಡಿಯುವಾಗ, ಶಾವಿಗೆ ಹೊಸೆಯುವಾಗ ಅವರು ಹಾಡಿದ್ದನ್ನು ವರ್ಷಗಟ್ಟಲೆ ಮೊಬೈಲಿನಲ್ಲಿ ತುಂಬಿಕೊಂಡಿದ್ದೆ. ಅವನ್ನೆಲ್ಲ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ ಮಗಳು, ಬರೀ ಅಕ್ಷರ ಬರೆಯುವ ಒಂದು ಎಡಿಟರ್ ತೋರಿಸಿದಳು. ಸಾಲಿಗೊಂದರಂತೆ ಹಾಡಿನ ಫೈಲು ಇರುವ ಜಾಗ ಬರೆದಿಟ್ಟು, ಕಂಟ್ರೋಲ್ ಒತ್ತಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಸಾಕು. ಹಾಡಾದರೆ ಪ್ಲೇಯರಿನಲ್ಲಿ, ಲಿಂಕಾದರೆ ಬ್ರೌಸರಿನಲ್ಲಿ ತಾನಾಗಿ ತೆರೆಯುತ್ತದೆ. ಅರಿಷಿಣದ ಹಾಡು, ಉಡಿ ತುಂಬುವ ಹಾಡು, ಆರತಿ ಹಾಡು, ಎಲ್ಲ ಶಾಸ್ತ್ರದ ಕ್ರಮದಲ್ಲೇ ಬರೆದೆ. ಶಿರಹಟ್ಟಿಯ ನಾದಿನಿ ಕಳಿಸಿದ್ದ ವಿಡಿಯೊ ಲಿಂಕನ್ನೂ ಸೇರಿಸಿದೆ.

ಕುಬಸದ ದಿನ ಹೆಂಗಸರೆಲ್ಲ ಕೂತಿದ್ದಾರೆ. ಮೊದಲ ಸಾಲು ಒತ್ತಿದೆ. ಫೈಲ್ ಇಲ್ಲ ಎಂದಿತು. ಎರಡನೆಯದೂ ಹಾಗೇ. ಅತ್ತೆಯವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ವೈನಿ, ನಿಮ್ಮ ಕಂಪ್ಯೂಟರಗೂ ಗಂಟಲ ಕಟ್ಟೈತೇನ್ರಿ?" ಎಂದಳು ನಾದಿನಿ.

ಮಗಳು ಕುರ್ಚಿಯಿಂದಲೇ ಬಗ್ಗಿ ನೋಡಿದಳು. "ಯವ್ವಾ, ಎಲ್ಲಾ ಸಾಲಿನ ಮುಂದ ಶ್ರೀ ಬರದೀಯಲ್ಲ."

ಬರೆದಿದ್ದೆ, ಖರೆ. ಹಿಂದಿನ ದಿನ ಎಲ್ಲವೂ ಸರಿಯಾಗಿ ಹಾಡಿತ್ತು. ಬೆಳಿಗ್ಗೆ ಪೂಜೆ ಮುಗಿಸಿ, ಶುಭಕಾರ್ಯದ ಪಟ್ಟಿ ಬೋಳಾಗಿರಬಾರದೆಂದು ಪ್ರತಿ ಸಾಲಿಗೂ ಶ್ರೀಕಾರ ಹಚ್ಚಿದ್ದೆ. ಅದನ್ನೂ ಫೈಲಿನ ವಿಳಾಸವೆಂದು ತಿಳಿದು ಎಡಿಟರ್ ಎಲ್ಲೆಲ್ಲೋ ಹುಡುಕಿತ್ತು.

"ದೇವರ ಹೆಸರ ಬರದ್ರ ತಪ್ಪೇನ?" ಎಂದೆ.

"ತಪ್ಪಲ್ಲಬೇ, ಮ್ಯಾಲೊಂದು ಸಾಲಿನ್ಯಾಗ ಬರಿ. ದೇವರು ಒಬ್ಬಾವ, ಒಂದ ಸಲ ಸಾಕು."

ಹಸಿರು ಸೀರೆಯ ಮಗಳನ್ನು ಏಳಗೊಡಲಿಲ್ಲ. ನಾನೇ ಒಂದೊಂದಾಗಿ ಅಳಿಸಿ, ಎಲ್ಲಕ್ಕೂ ಮೇಲೆ ಒಂದು ಶ್ರೀ ಉಳಿಸಿ ಮತ್ತೆ ಒತ್ತಿದೆ. ಅತ್ತೆಯವರ ಗಟ್ಟಿ ದನಿ ಪಡಸಾಲೆ ತುಂಬಿತು, ಹಿಂದೆ ನನ್ನ ರೊಟ್ಟಿ ಬಡಿಯುವ ಸಪ್ಪಳದ ಸಮೇತ. ಹೆಂಗಸರು ದನಿಗೂಡಿಸಿ ಸೊಲ್ಲು ಹಿಡಿದರು. ಮಗಳ ಗಂಡನ ಕಡೆಯ ಮುಳಗುಂದದ ಬೀಗಿತ್ತಿ ತಾಳ ತಪ್ಪಿದಾಗ ಅತ್ತೆಯವರು ಕಣ್ಣಲ್ಲೇ ಗದರಿ, ಕೈ ತಟ್ಟಿ ತೋರಿಸಿದರು.

ಉಡಿ ತುಂಬಿ ಮುಗಿದ ಮೇಲೆ ಆ ಬೀಗಿತ್ತಿಯನ್ನು ಹತ್ತಿರ ಕರೆದು, ನನ್ನ ಕಡೆ ಬೆರಳು ಮಾಡಿ ಪಿಸುಗುಟ್ಟಿದರು. "ಇಕಿ ನನ್ನ ಸೊಸಿ. ಎಲ್ಲಾ ಇಕೀನ ಕೂಡಿಟ್ಟಾಳ." ಮತ್ತೆ ನನಗೆ, "ಮುಂದಿನ ಹಾಡ ಹಚ್ಚವಾ."

ಮೆಟ್ರಿಕ್ ಪಾಸಾದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಸೆರಗು ಸರಿಮಾಡಿಕೊಂಡು ಆರತಿ ಹಾಡಿನ ಸಾಲು ಒತ್ತಿದೆ.