ಹೆತ್ತೆ ಕೂತಿದ್ದ ಸಾಮೆ ಹೊಲ

ಊಟಿಯಿಂದ ತಂದ ಪ್ಯಾಕೆಟ್ ಸಾಮೆ ಇವತ್ತು ಒಲೆ ಮೇಲೆ ಬೇಯುತ್ತಿತ್ತು. ಆ ವಾಸನೆಗೆ ಸೋಲೂರಿನ ನಮ್ಮ ಹೊಲ ಕಣ್ಣ ಮುಂದೆ ಬಂತು. ಅಜ್ಜಿಯನ್ನು ನಾವು ಹೆತ್ತೆ ಅನ್ನುತ್ತಿದ್ದೆವು. ಮೊದಲ ತೆನೆ ಮನೆಯೊಳಗೆ ಹಾಲಿಡುವ ಪವಿತ್ರ ಕೋಣೆಗೆ ಹೋಗುವವರೆಗೆ ಹೊಸ ಸಾಮೆಯ ಒಂದು ತುತ್ತೂ ಉಣ್ಣಲು ಅವಳು ಬಿಡುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ, ಅಪ್ಪ ಆ ಹೊಲದಲ್ಲಿ ಟೀ ನೆಡಲು ಹೊರಟಾಗ ಹೆತ್ತೆ ಹೊಲದ ನಡುವೆ ಕೂತುಬಿಟ್ಟಳು. "ಈ ತೆನೆ ಕುಯ್ಯೋವರೆಗೂ ಏಳಲ್ಲ" ಅಂದಳು. ಅಪ್ಪ ನನ್ನ ಕಿವಿಯಲ್ಲಿ, "ಹೊಟ್ಟೆನೋವು ಅಂತ ಅಳು, ಬರ್ತಾಳೆ" ಅಂದ. ನಾನು ಮನೆಗೆ ಹೋಗಿ ಜೋರಾಗಿ ಅತ್ತೆ. ಹೆತ್ತೆ ಓಡಿ ಬಂದು ನನ್ನ ಹೊಟ್ಟೆಗೆ ಬಿಸಿ ಬಟ್ಟೆ ಒತ್ತುತ್ತಿದ್ದಾಗ, ಮೇಲೆ ಹೊಲದಲ್ಲಿ ಆಳುಗಳು ಹಸಿ ಸಾಮೆ ಕಿತ್ತು ಹಾಕಿದರು.

ಊರಿಗೆ ಟೀ ಬಂದದ್ದು ಹೇಗೆಂದು ಹಿರಿಯರನ್ನು ಕೇಳಿ ಬರೆಯಲು ನನ್ನ ಮಗಳಿಗೆ ಶಾಲೆಯಲ್ಲಿ ಹೇಳಿದ್ದಾರೆ. ಅಪ್ಪ ಈಗಷ್ಟೇ ಬರೆಸಿದ: "ಮನೆಯವರೆಲ್ಲ ಒಪ್ಪಿ ನೆಟ್ಟೆವು."

ಮೈ ಉರಿದುಹೋಯಿತು. ಎಲ್ಲರೂ ಅಂದರೆ ಯಾರು? ಸೌಟು ಎಸೆದು ಹೋಗಿ, "ನಿಂದು ಹೇಳಿದ್ದಾಯ್ತಲ್ಲ ಅಪ್ಪ, ಹೆತ್ತೆಯದು ನಾನು ಹೇಳ್ತೀನಿ" ಅಂದೆ. ನಡೆದದ್ದನ್ನೆಲ್ಲ ಬರೆಸಿದೆ.

ಮಗಳು ಪೆನ್ನು ನಿಲ್ಲಿಸಿ ಕೇಳಿದಳು: "ನಿಂಗೆ ನಿಜವಾಗ್ಲೂ ಹೊಟ್ಟೆನೋವಿತ್ತಾ ಅಮ್ಮ?"

"ಇರಲಿಲ್ಲ" ಅಂದೆ. "ಅದನ್ನೂ ಬರಿ."