ಸೋಮವಾರ ಬಂದು ನೋಡಿ ಮಡುವಿನಲ್ಲಿ ಯಾರೂ ಇಲ್ಲ ಅಂದವರಿಗೆ

ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಲೇತ್ ಮುಂದೆ ನಿಂತವನು ನಾನು. ಬಾಯಲ್ಲಿ ಹೇಳಿದರೆ ಸಾಲದು, ಲಿಖಿತವಾಗಿ ಕೊಡಿ ಅಂದರು ಕಂಪನಿಯವರು. ಕೊಟ್ಟೆ. ಮೂರು ವಾರ ಆಯಿತು, ಉಸಿರಿಲ್ಲ.

ಅದಕ್ಕೇ ಈಗ ಇಲ್ಲಿ, ಎಲ್ಲರ ಕಣ್ಣಿಗೂ ಬೀಳಲಿ ಅಂತ ಮೊಬೈಲು ಹಿಡಿದು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹರಿಹರದಲ್ಲಿ ಸ್ನಾನಘಟ್ಟದಿಂದ ಸ್ವಲ್ಪ ಮೇಲಕ್ಕೆ, ಹೊಳೆ ತಿರುಗುವ ಕಡೆ ಒಂದು ಮಡು ಇದೆ. ಬೇಸಿಗೆಯಲ್ಲೂ ಎರಡಾಳು ನೀರು. ದಡದ ಬಂಡೆಯಿಂದ ಜಿಗಿದು, ತಳ ಮುಟ್ಟಿ, ಒಂದು ಹಿಡಿ ಮರಳು ತಂದು ತೋರಿಸಬೇಕು... ಮರಳು ತರದವನು ಜಿಗಿದಂಗೇ ಅಲ್ಲ.

ಹನ್ನೊಂದು ಜನ ಇದ್ದೇವೆ. ನಾನು ದಾವಣಗೆರೆಯಿಂದ ಭಾನುವಾರ ಮೊದಲ ಬಸ್ಸಿಗೆ ಹೋಗುತ್ತೇನೆ. ಮೂವತ್ತು ವರ್ಷದಿಂದ.

ಎರಡು ತಿಂಗಳ ಹಿಂದೆ ಹೋದರೆ ಬಂಡೆಯ ಮೇಲೆ ಕೆಂಪು ಪೇಂಟು. ಪಕ್ಕದಲ್ಲಿ ಬೋರ್ಡು. ಈಜು ನಿಷೇಧ.

ವಿಚಾರಿಸಿದಾಗ ಗೊತ್ತಾಯಿತು. ಯಾವುದೋ ಕಂಪನಿ ದಡದಲ್ಲಿ ಗಾಳಿ ಕರೆಂಟಿನ ಫ್ಯಾನು ನಿಲ್ಲಿಸುತ್ತದಂತೆ. ಅದರ ಕೇಬಲ್ಲನ್ನು ನಮ್ಮ ಮಡುವಿನ ತಳದಲ್ಲಿ ಹಾಸಿ ಆಚೆ ದಡಕ್ಕೆ ಒಯ್ಯುತ್ತಾರಂತೆ. ಕೇಬಲ್ ಬಿದ್ದ ಮೇಲೆ ಅಲ್ಲಿ ಯಾರೂ ನೀರಿಗೆ ಇಳಿಯುವಂತಿಲ್ಲ. ಒಂದು ವರ್ಷ ಎರಡು ವರ್ಷ ಅಲ್ಲ, ಯಾವತ್ತೂ.

ಫ್ಯಾನಿನ ಮೇಲೆ ನನಗೆ ತಕರಾರಿಲ್ಲ. ಕರೂರು ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ನಿಂತು ಅಂಥ ಫ್ಯಾನುಗಳಿಗೆ ಬೋಲ್ಟು ಟರ್ನಿಂಗ್ ಮಾಡಿದವನು ನಾನೇ. ತಿರುಗಲಿ, ಕರೆಂಟು ಬರಲಿ. ನನ್ನ ಜಗಳ ಕೇಬಲ್ಲಿನ ಜೊತೆ.

ಕಂಪನಿಯವರು ಸಭೆ ಕರೆದರು. ಹನ್ನೊಂದೂ ಜನ ಹೋದೆವು. ಒಬ್ಬ ಇಂಜಿನಿಯರ್, ನನ್ನ ಮಗನಿಗಿಂತ ಚಿಕ್ಕವನು, ಲ್ಯಾಪ್‌ಟಾಪ್ ತೆರೆದು ಓದಿದ. ಎರಡು ಸಲ ಸರ್ವೆ ಮಾಡಿದ್ದೇವೆ, ಬೆಳಗಿನಿಂದ ಸಂಜೆವರೆಗೆ ಕೂತಿದ್ದೇವೆ, ಆ ಜಾಗವನ್ನು ಯಾರೂ ಬಳಸುತ್ತಿಲ್ಲ... ಹಾಗಂತ.

ನನ್ನ ಪಕ್ಕದಲ್ಲಿ ಗೌಸ್ ಸಾಬ್ರು ಕೂತಿದ್ದರು. ಹರಿಹರದಲ್ಲಿ ಗಾದಿ ಅಂಗಡಿ ಅವರದು, ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಉಸಿರು ಕಟ್ಟುವವರು. ಬಹಳ ಮೆತ್ತಗೆ ಕೇಳಿದರು.

"ಯಾವ್ ವಾರ ಬಂದಿದ್ರಿ ಸಾಹೇಬ್ರ?"

ಹುಡುಗ ಸ್ಕ್ರೀನ್ ನೋಡಿ ಹೇಳಿದ. ಎರಡು ಸಲವೂ ಸೋಮವಾರ.

ಸಭೆಗೆ ಸಭೆಯೇ ನಕ್ಕಿತು.

"ಏನಪ್ಪಾ, ಸೋಮವಾರ ಆ ಮಡುವಿಗೆ ನಮ್ಮಪ್ಪನ ಕಾಲದಾಗೂ ಯಾರೂ ಇಳಿದಿಲ್ಲ. ಒಬ್ರನ್ನಾರ ಕೇಳ್ಬಾರ್ದಾ?" ಅಂದೆ.

ಸೋಮವಾರ ಕೆಳಗಿನ ಘಟ್ಟದಲ್ಲಿ ಭಕ್ತರು ಸ್ನಾನಕ್ಕೆ ಬರುತ್ತಾರೆ. ನಾವು ಮೇಲೆ ತಳ ಕದಡಿದರೆ ಆ ರಾಡಿಯೆಲ್ಲ ಹರಿದು ಅವರ ತಲೆಯ ಮೇಲೆ. ಅದಕ್ಕೇ ಸೋಮವಾರ ಯಾರೂ ಕಾಲು ಕೂಡ ಅದ್ದುವುದಿಲ್ಲ. ಗೌಸ್ ಸಾಬ್ರ ತಂದೆಯೂ ಅದ್ದುತ್ತಿರಲಿಲ್ಲ, ಇವರೂ ಅದ್ದುವುದಿಲ್ಲ. ಬೋರ್ಡು ಹಾಕಿ ಯಾರೂ ನಮಗೆ ಹೇಳಿಕೊಡಲಿಲ್ಲ.

ಇಂಜಿನಿಯರ್ ಮುಖ ಸಣ್ಣದಾಯಿತು. ಆದರೆ ಅವನ ಮೇಲಿನ ಸಾಹೇಬ ಬಿಡಲಿಲ್ಲ.

"ನೋಡಿ ಯಜಮಾನ್ರೇ, ನೀವೇನು ಮೀನು ಹಿಡಿಯೋರಲ್ಲ, ಹೊಟ್ಟೆಪಾಡೂ ಅಲ್ಲ. ಮೋಜಿಗೆ ಜಿಗಿಯೋರು. ದಾವಣಗೆರೇಲಿ ಸ್ವಿಮ್ಮಿಂಗ್ ಪೂಲ್ ಇದೆಯಲ್ಲ?"

"ಪೂಲಿಗೆ ನೀನೇ ಹೋಗು," ಅಂದುಬಿಟ್ಟೆ, ಎದ್ದು ನಿಂತು.

ಗೌಸ್ ಸಾಬ್ರು ಅಂಗಿ ಹಿಡಿದು ಎಳೆದರು. "ಕೂಡ್ರಿ ಮಾರಾಯ್ರಾ! ಬಿಪಿ ಏರಿ ಬಿದ್ರೆ ಅವ್ರಿಗೇನ್ ಹೋಗ್ತೈತೆ, ನಿಮ್ಮನ್ನ ಹೊತ್ಕಂಡ್ ಹೋಗೋನು ನಾನು."

ಮೋಜು...

ಬಸ್ಸಿನಲ್ಲಿ ಬರುವಾಗಲೂ ಆ ಮಾತು ಚುಚ್ಚುತ್ತಲೇ ಇತ್ತು.

ಮನೆಯಲ್ಲೂ ಹೇಳದ್ದನ್ನು ಹೇಳುತ್ತೇನೆ. ನನ್ನ ಲೇತಿನ ಪಕ್ಕದಲ್ಲೇ ತಗಡು ಒತ್ತುವ ಪವರ್ ಪ್ರೆಸ್ಸು ಇತ್ತು. ಶೆಡ್ಡು ಬಿಟ್ಟು ಆರು ವರ್ಷವಾದರೂ ಅದರ ಸದ್ದು ನನ್ನ ಕಿವಿ ಬಿಟ್ಟಿಲ್ಲ. ಊಟಕ್ಕೆ ಕೂತರೆ ಗುಂಯ್, ಮೊಮ್ಮಗಳು ಮಾತಾಡಿಸಿದರೆ ಗುಂಯ್. ಔಷಧಿ ಇಲ್ಲ, ಒಗ್ಗಿಕೊಳ್ಳಿ ಅಂದರು ಡಾಕ್ಟರು.

ಮಡುವಿನ ತಳದಲ್ಲಿ ಮರಳಿಗೆ ಕೈ ಹಾಕುತ್ತೇನಲ್ಲ, ಅಷ್ಟು ಹೊತ್ತು ಅದು ನಿಲ್ಲುತ್ತದೆ. ಯಾಕೋ ಗೊತ್ತಿಲ್ಲ, ನಿಲ್ಲುತ್ತದೆ. ಪೂಲಿನಲ್ಲೂ ಮುಳುಗಿ ನೋಡಿದ್ದೇನೆ ಸಾಹೇಬರೇ. ಅಲ್ಲಿ ಮೋಟರಿನ ಸದ್ದು ನೀರೊಳಗೇ ಇರುತ್ತದೆ.

ವಾರಕ್ಕೆ ಹತ್ತೋ ಹನ್ನೆರಡೋ ಮುಳುಗು. ನನಗೆ ಸಿಗುವ ನೆಮ್ಮದಿ ಅಷ್ಟೇ. ಇದಕ್ಕೆ ಮೋಜು ಅನ್ನುವುದಾದರೆ ಅನ್ನಿ, ಹೌದು, ಮೋಜೇ.

ಸುಮ್ಮನೆ ಬೇಡ ಅನ್ನುವವನೂ ನಾನಲ್ಲ. ಮಡುವಿನಿಂದ ಮೇಲಕ್ಕೆ ಸ್ವಲ್ಪ ನಡೆದರೆ ಹೊಳೆಯ ತುಂಬ ಹಾಸುಬಂಡೆ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಅಲ್ಲಿ ಯಾವ ವಾರವೂ ಯಾರೂ ಜಿಗಿಯುವುದಿಲ್ಲ, ಜಿಗಿದರೆ ತಲೆ ಒಡೆಯುತ್ತದೆ. ಕೇಬಲ್ ಅಲ್ಲಿ ದಾಟಿಸಿ ಅಂತ ನಾನೂ ಗೌಸ್ ಸಾಬ್ರೂ ಹಗ್ಗ ಹಿಡಿದು ಅಳೆದು, ನಕ್ಷೆ ಬರೆದು, ಮೊದಲೇ ಹೇಳಿದೆನಲ್ಲ, ಆ ಕಾಗದದಲ್ಲೇ ಕೊಟ್ಟಿದ್ದೇವೆ. ಕೇಬಲ್ ಒಂದಿಷ್ಟು ಉದ್ದ ಬೇಕಾಗುತ್ತದೆ. ಅಷ್ಟೇ.

ಉತ್ತರ ಬರಲಿಲ್ಲ. ಬದಲಿಗೆ ಮೊನ್ನೆ ಭಾನುವಾರ ಬಂಡೆಯ ಹತ್ತಿರ ವಾಚ್‌ಮನ್ ನಿಂತಿದ್ದಾನೆ. ಕಡರನಾಯಕನಹಳ್ಳಿಯವನು, ಪಾಪದವನು.

"ಇಳೀಬ್ಯಾಡ್ರಿ ಯಜಮಾನ್ರ, ನನ್ ಕೆಲ್ಸ ಹೋಗ್ತೈತೆ."

"ನಿನಗೆ ಕಾಯಾಕ್ ಹೇಳಿರೋದು ಏನು?"

"ಬೋರ್ಡ್ ಕಾಯಾಕ್ ಹೇಳ್ಯಾರ್ರಿ."

"ಕಾಯಿ ಮತ್ತೆ. ನಾವೇನ್ ಬೋರ್ಡ್ ಮುಟ್ಟಲ್ಲ."

ಅವನು ನಗು ತಡೆದುಕೊಂಡು ಬೋರ್ಡಿನ ಕಡೆ ತಿರುಗಿ ನಿಂತ. ಹನ್ನೊಂದು ಜನವೂ ಜಿಗಿದೆವು, ಒಬ್ಬರ ಹಿಂದೆ ಒಬ್ಬರು. ತಂದ ಮರಳನ್ನೆಲ್ಲ ಆ ಕೆಂಪು ಪೇಂಟಿನ ಮೇಲೆ ಸುರಿದು ಬಂದೆವು. ಈ ಭಾನುವಾರವೂ ಜಿಗಿಯುತ್ತೇವೆ. ಕೇಸು ಹಾಕುವುದಿದ್ದರೆ ಹನ್ನೊಂದು ಜನರ ಮೇಲೂ ಹಾಕಿ, ಒಬ್ಬರನ್ನೂ ಬಿಡಬೇಡಿ.

ಕೇಬಲ್ಲನ್ನು ಹಾಸುಬಂಡೆಯ ಕಡೆಗೆ ಸರಿಸುತ್ತೀರೋ, ಇಲ್ಲವೋ? ಇದೇ ತಿಂಗಳ ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬೇಕು.